ಅರವತ್ತಾರು ಪರ್ಸೆಂಟ್ ಹಾವು

ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಪುಟ್ಟ ಹೆಬ್ಬಾವು. ಮೂರು–ನಾಲ್ಕು ಅಡಿ ಉದ್ದ, ದೊಡ್ಡ ಹೆಣ್ಣಾದರೆ ಐದು ಅಡಿ. ಹೆದರಿದರೆ ಮೇಲೆ ಬೀಳುವ ಜಾತಿಯಲ್ಲ. ತಲೆಯನ್ನು ಒಳಗೆ ಹುದುಗಿಸಿಕೊಂಡು ಚೆಂಡಿನಂತೆ ಸುರುಳಿಯಾಗುತ್ತದೆ. ಹೆಣ್ಣು ವರ್ಷಕ್ಕೆ ಹೆಚ್ಚೆಂದರೆ ಒಮ್ಮೆ ಮೊಟ್ಟೆಯಿಡುತ್ತದೆ, ಅದೂ ಸರಾಸರಿ ಆರು. ಅಮೆರಿಕ, ಯುರೋಪುಗಳಲ್ಲಿ ನಡೆಯುವ ಬಣ್ಣದ ಹಾವುಗಳ ದೊಡ್ಡ ವ್ಯಾಪಾರ ನಿಂತಿರುವುದು ಈ ಆರರ ಮೇಲೆ.

1992ರಲ್ಲಿ ಅಮೆರಿಕದ ಒಕ್ಲಹೋಮಾದ ಬಾಬ್ ಕ್ಲಾರ್ಕ್ ಸಾಕಣೆಯಲ್ಲೇ ಮೊದಲ ಆಲ್ಬಿನೋ ಬಾಲ್ ಪೈಥಾನ್ ಮರಿಗಳನ್ನು ಮಾಡಿಸಿದರು. ಕಂದು–ಕಪ್ಪು ಹೋಗಿ ಹಳದಿ–ಬಿಳಿ, ಕೆಂಪು ಕಣ್ಣು. ಒಂದೊಂದು ಮರಿಯೂ ಸುಮಾರು 7,500 ಡಾಲರಿಗೆ ಹೋಯಿತು, ಅಂದಿನ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿ. ಮಾಮೂಲಿ ಬಣ್ಣದ್ದಾದರೆ ಅದೇ ಹಾವು ಕೆಲವೇ ಹತ್ತು ಡಾಲರ್. ಐದು ವರ್ಷದ ನಂತರ, ಮೈಯ ಒಂದಷ್ಟು ಭಾಗ ಅಚ್ಚ ಬಿಳಿಯಾಗಿರುವ ‘ಪೈಬಾಲ್ಡ್’ ಕೂಡ ವಂಶಪಾರಂಪರ್ಯವಾಗಿ ಬರುವ ಗುಣವೆಂದು ಖಚಿತವಾಯಿತು. ಅದರ ಬೆಲೆ ಹತ್ತು ಸಾವಿರ ಡಾಲರಿನ ಗಡಿಯನ್ನೂ ದಾಟಿತು. ಅಲ್ಲಿಂದ ಶುರುವಾದದ್ದು ಗುಣಾಕಾರ.

ಆಲ್ಬಿನೋ ಬಣ್ಣ ಕಾಣಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡು ಪ್ರತಿ ವಂಶವಾಹಿ ಬೇಕು. ಒಂದೇ ಪ್ರತಿ ಇದ್ದರೆ ಹಾವು ನೋಡಲು ಮಾಮೂಲಿ. ಅಂಥದ್ದನ್ನು ಸಾಕಣೆದಾರರು ‘ಹೆಟ್’ ಎನ್ನುತ್ತಾರೆ. ಎರಡು ಹೆಟ್‌ಗಳು ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಆಲ್ಬಿನೋ. ಉಳಿದ ಮೂರು ನೋಡಲು ಒಂದೇ ತರ. ಆದರೆ ಅವುಗಳಲ್ಲಿ ಎರಡು ಒಳಗೊಳಗೆ ವಂಶವಾಹಿ ಹೊತ್ತಿರುತ್ತವೆ, ಒಂದು ಹೊತ್ತಿರುವುದಿಲ್ಲ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು. ಹಾಗಾಗಿ ಅವನ್ನು ‘66 ಪರ್ಸೆಂಟ್ ಹೆಟ್’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ದುಡ್ಡು ಕೊಟ್ಟವನು ಮನೆಗೊಯ್ಯುವುದು ಮೂರರಲ್ಲಿ ಎರಡು ಪಾಲು ಸಂಭವವನ್ನು. ಮಾಮೂಲಿ ಹಾವಿಗಿಂತ ಅದಕ್ಕೆ ಬೆಲೆ ಜಾಸ್ತಿ, ಹೆಟ್ ಎಂದು ಖಚಿತವಾಗಿರುವ ‘ನೂರು ಪರ್ಸೆಂಟ್’ ಹಾವಿಗಿಂತ ಕಡಿಮೆ. ಸಂಭವನೀಯತೆಗೆ ಇಷ್ಟು ನೇರವಾಗಿ ದರ ಕಟ್ಟಿ, ಡಬ್ಬಿಯಲ್ಲಿ ಹಾಕಿ ಕೊಡುವ ವ್ಯಾಪಾರ ಇನ್ನೊಂದು ನನಗೆ ಗೊತ್ತಿಲ್ಲ.

ಇಂಥ ಎರಡು ಗುಣ ಒಂದೇ ಹಾವಿನಲ್ಲಿ ಬೇಕೆಂದರೆ, ತಂದೆ–ತಾಯಿ ಇಬ್ಬರೂ ಎರಡಕ್ಕೂ ಹೆಟ್ ಆಗಿದ್ದರೂ, ಹದಿನಾರರಲ್ಲಿ ಒಂದು. ಮೂರಾದರೆ 64ರಲ್ಲಿ ಒಂದು. ನಾಲ್ಕಾದರೆ 256ರಲ್ಲಿ ಒಂದು. ಸಲಕ್ಕೆ ಆರು ಮೊಟ್ಟೆಯಂತೆ 256 ಮೊಟ್ಟೆ ಆಗಬೇಕಾದರೆ ಒಂದೇ ಹೆಣ್ಣು ತಪ್ಪದೆ 43 ವರ್ಷ ಮೊಟ್ಟೆಯಿಡಬೇಕು. ಅದಕ್ಕೇ ದೊಡ್ಡ ಸಾಕಣೆದಾರರ ಕೋಣೆಗಳಲ್ಲಿ ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡ್ರಾಯರುಗಳು, ಹಿಂದುಗಡೆ ಬೆಚ್ಚಗಿಡುವ ಪಟ್ಟಿ, ಡ್ರಾಯರಿಗೊಂದು ಹಾವು. ನೂರಾರು ಹೆಣ್ಣುಗಳಿದ್ದರೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಜಾರ್ಜಿಯಾ ರಾಜ್ಯದ ಜಸ್ಟಿನ್ ಕೋಬಿಲ್ಕಾ ಅವರ ಒಂದು ಹಾವು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಬಿಳಿ ಮೈ, ಅದರ ಮೇಲೆ ಹಳದಿ–ಕಿತ್ತಳೆ ಮಚ್ಚೆಗಳು, ಮಚ್ಚೆಗಳಲ್ಲಿ ಮೂರು ನಗುಮುಖದ ಇಮೋಜಿ! ಲ್ಯಾವೆಂಡರ್ ಆಲ್ಬಿನೋ ಮತ್ತು ಪೈಬಾಲ್ಡ್ ಎರಡೂ ಸೇರಿದ ಈ ಮರಿಗೆ ಹಿಡಿದದ್ದು ಎಂಟು ವರ್ಷ, ಕಟ್ಟಿದ ಬೆಲೆ 4,500 ಡಾಲರ್. ಎಂಟು ವರ್ಷ ಯಾಕೆ? ಒಂದು ಲ್ಯಾವೆಂಡರ್, ಒಂದು ಪೈಬಾಲ್ಡ್ ಕೂಡಿದರೆ ಮೊದಲ ತಲೆಮಾರೆಲ್ಲ ಬರೀ ಹೆಟ್. ಆ ಹೆಣ್ಣುಮರಿಗಳು ಸುಮಾರು ಒಂದೂವರೆ ಕಿಲೋ ತೂಗಿ ಬೆದೆಗೆ ಬರಲು ಮೂರು ವರ್ಷದ ಆಸುಪಾಸು ಬೇಕು. ಆಮೇಲೆ ಅಣ್ಣ–ತಂಗಿಯರನ್ನು ಕೂಡಿಸಿದರೆ ಹದಿನಾರರಲ್ಲಿ ಒಂದರ ಆಟ. ಆರು ಮೊಟ್ಟೆಯಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 32 ಮಾತ್ರ. ಇಷ್ಟೆಲ್ಲ ಆದ ಮೇಲೂ ಮಚ್ಚೆ ಎಲ್ಲಿ ಕೂರುತ್ತದೆ, ಯಾವ ಆಕಾರದಲ್ಲಿ ಕೂರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಆ ನಗು ಪುಕ್ಕಟೆ ಬಂದದ್ದು.

ಫಲ ತಿಳಿಯುವ ಗಳಿಗೆಯನ್ನು ನೋಡಬೇಕು. ಮೊಟ್ಟೆ ಶಾಖಪೆಟ್ಟಿಗೆಯಲ್ಲಿ 31–32 ಡಿಗ್ರಿಯಲ್ಲಿ ಎರಡು ತಿಂಗಳಿಗೆ ತುಸು ಕಡಿಮೆ ಇರುತ್ತದೆ. ಚಿಪ್ಪು ಕೋಳಿಮೊಟ್ಟೆಯಂತೆ ಗಡುಸಲ್ಲ, ತೊಗಲಿನಂತೆ ಮೆತ್ತಗೆ. ಅನೇಕರು ಮರಿ ತಾನಾಗಿ ಸೀಳಿಕೊಂಡು ಬರುವವರೆಗೆ ಕಾಯುವುದಿಲ್ಲ. ಸಣ್ಣ ಕತ್ತರಿಯಿಂದ ಮೇಲ್ಭಾಗದಲ್ಲಿ ಒಂದು ಕಿಟಕಿ ಕೊಯ್ದು, ಲೋಳೆಯ ಸಂದಿನಿಂದ ಬೆರಳಗಲದ ಮೈಬಣ್ಣ ನೋಡುತ್ತಾರೆ. ಅಷ್ಟರಲ್ಲೇ ಸಾವಿರಾರು ಡಾಲರಿನ ತೀರ್ಪು ಆಗಿಹೋಗುತ್ತದೆ.

ಇನ್ನೊಂದು ಬಗೆಯ ವಂಶವಾಹಿಗಳಲ್ಲಿ ಒಂದು ಪ್ರತಿಗೆ ಒಂದು ರೂಪ, ಎರಡು ಪ್ರತಿಗೆ ಬೇರೆಯೇ ರೂಪ. ಇಲ್ಲದಿರುವುದೂ ಸೇರಿ ಮೂರು ಸ್ಥಿತಿ. ಅಂಥ ಹತ್ತು ವಂಶವಾಹಿ ತೆಗೆದುಕೊಂಡರೆ 59,049 ಜೋಡಣೆ. ಇಪ್ಪತ್ತು ತೆಗೆದುಕೊಂಡರೆ 348 ಕೋಟಿಗೂ ಹೆಚ್ಚು. ಕೆಲವು ಒಂದೇ ಜಾಗಕ್ಕೆ ಪೈಪೋಟಿ ನಡೆಸುವಂಥವು, ಕೆಲವು ಎರಡು ಪ್ರತಿಯಾದರೆ ಮರಿಯನ್ನೇ ಕೊಲ್ಲುವಂಥವು. ಹಾಗಾಗಿ ನಿಜವಾದ ಸಂಖ್ಯೆ ಕಡಿಮೆಯೇ. ಆದರೂ ಬನಾನಾ, ಕ್ಲೌನ್, ಬಂಬಲ್‌ಬೀ, ಮಿಸ್ಟಿಕ್ ಪೋಷನ್ ಎಂದೆಲ್ಲ ಹೆಸರಿಟ್ಟ ರೂಪಗಳು ಈಗಾಗಲೇ ಸಾವಿರಾರಿವೆ.

‘ಸ್ಪೈಡರ್’ ಎಂಬ ಜಾಲದ ಚಿತ್ತಾರದ್ದು ಬೇಸರದ ಕಥೆ. 1999ರಿಂದ ಪೇಟೆಯಲ್ಲಿರುವ ಈ ಹಾವಿಗೆ ತಲೆ ನಡುಗುತ್ತದೆ, ಒಮ್ಮೊಮ್ಮೆ ಮೈ ತಿರುಚಿ ಅಂಗಾತ ಬೀಳುತ್ತದೆ. 2022ರಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ ಒಳಗಿವಿಯ ರಚನೆಯೇ ಸೊಟ್ಟ ಎಂದು ಕಂಡುಬಂತು. ಚಿತ್ತಾರ, ನಡುಕ ಎರಡೂ ಒಟ್ಟಿಗೇ ಬರುತ್ತವೆ. ಗೊತ್ತಿದ್ದೂ ಮಾಡಿಸುವುದಕ್ಕೆ ಚಂದ ಎಂಬುದು ಸಮರ್ಥನೆಯಾಗದು.

ಅದೇ ವರ್ಷ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ಹನ್ನಾ ಸೈಡೆಲ್ ಮತ್ತವರ ವಿದ್ಯಾರ್ಥಿಗಳು ಸಾಕಣೆದಾರರು ಅಂಚೆಯಲ್ಲಿ ಕಳಿಸಿದ ಪೊರೆಗಳಿಂದಲೇ ಆಲ್ಬಿನೋ ಬಣ್ಣದ ಹಿಂದಿನ ವಂಶವಾಹಿಗಳನ್ನು ಗುರುತಿಸಿದರು. ಕಳಚಿ ಬಿದ್ದ ಪೊರೆಯ ಒಂದು ಚೂರು ಸಾಕು, 66 ಎಂಬುದು ಸೊನ್ನೆಯೋ ನೂರೋ ಆಗುತ್ತದೆ.

ಬೆಲೆ ಮಾತ್ರ ನಿಲ್ಲಲಿಲ್ಲ. ದುಬಾರಿ ಹಾವು ಕೊಂಡವನ ಉದ್ದೇಶವೇ ಅದರಿಂದ ಇನ್ನಷ್ಟು ದುಬಾರಿ ಮರಿ ಮಾಡಿಸುವುದು. ಹಾಗೆ ಎಲ್ಲರೂ ಮಾಡಿಸಿದರೆ ದುಬಾರಿ ಎಲ್ಲಿ ಉಳಿಯುತ್ತದೆ? ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2003ರ ಸುಮಾರಿಗೆ ಕಿಲೋಗೆ ಸಾವಿರಾರು ರೂಪಾಯಿ ತಂದ ಹಸಿ ವೆನಿಲ್ಲಾ ಕೋಡು, ಎಲ್ಲರ ತೋಟಕ್ಕೂ ಬಳ್ಳಿ ಹಬ್ಬಿದ ಮೇಲೆ ಕೇಳುವವರಿಲ್ಲದೆ ಹೋಯಿತಲ್ಲ, ಹಾಗೆ. 7,500 ಡಾಲರಿನ ಆಲ್ಬಿನೋ ಈಗ ನೂರು–ಇನ್ನೂರು ಡಾಲರಿನ ಆಸುಪಾಸಿನಲ್ಲಿದೆ.

ಈ ಪಿರಮಿಡ್ಡಿನ ಅಡಿಪಾಯ ಟೋಗೋ, ಬೆನಿನ್, ಘಾನಾಗಳಲ್ಲಿದೆ. 1975ರಿಂದೀಚೆಗೆ ಪಶ್ಚಿಮ ಆಫ್ರಿಕಾದಿಂದ ಜೀವಂತವಾಗಿ ರಫ್ತಾದ ಬಾಲ್ ಪೈಥಾನ್‌ಗಳ ಸಂಖ್ಯೆ 30 ಲಕ್ಷ ಮೀರಿದೆ. ಹಳ್ಳಿಗರು ಬಿಲ ಅಗೆದು ಬಸುರಿ ಹಾವನ್ನೋ ಮೊಟ್ಟೆಯನ್ನೋ ತಂದು ಕೊಟ್ಟರೆ ಕೇಂದ್ರಗಳಲ್ಲಿ ಮರಿ ಮಾಡಿಸಿ ವಿಮಾನ ಹತ್ತಿಸುತ್ತಾರೆ. ಅದೇ ಬೆನಿನ್ನಿನ ವಿದಾ ಪಟ್ಟಣದಲ್ಲಿ, ದೊಡ್ಡ ಇಗರ್ಜಿಯ ಎದುರಿಗೇ, ಈ ಹಾವಿಗೊಂದು ಗುಡಿಯಿದೆ. ಅಲ್ಲಿ ಅದು ದೇವರು. ಇಲಿ ಹಿಡಿಯಲು ಊರೊಳಗೆ ಬಿಟ್ಟ ಹಾವು ಯಾರ ಮನೆ ಹೊಕ್ಕರೂ ಮರ್ಯಾದೆಯಿಂದ ಎತ್ತಿ ತಂದು ಬಿಡುತ್ತಾರೆ.

ನಮ್ಮ ಕಡೆಗೂ ಈ ಹಾವು ಬಂದಿದೆ, ಸೂಟ್‌ಕೇಸಿನಲ್ಲಿ. 2023ರ ಸೆಪ್ಟೆಂಬರ್ 6ರ ರಾತ್ರಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಸಾಮಾನನ್ನು ಕಸ್ಟಮ್ಸಿನವರು ತೆರೆದಾಗ ಸಿಕ್ಕ ಪ್ರಾಣಿಗಳು 78. ಆರು ಕ್ಯಾಪುಚಿನ್ ಕೋತಿಗಳು ಸತ್ತಿದ್ದವು, 17 ಕಾಳಿಂಗಗಳು ಬದುಕಿದ್ದವು. ಉಳಿದ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನ್.

ಕೊಳ್ಳುವವರು ಮರೆಯುವ ಸಂಖ್ಯೆ ಇನ್ನೊಂದಿದೆ. ಈ ಹಾವು ಸಾಕಣೆಯಲ್ಲಿ ಮೂವತ್ತು ವರ್ಷ ಬದುಕುವುದೂ ಉಂಟು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣೊಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಗಂಡಿನ ಸಂಗವಿಲ್ಲದೆಯೇ ಏಳು ಮೊಟ್ಟೆಯಿಟ್ಟಿತು. ವಿಜ್ಞಾನಿಗಳಿಗೆ ಅದು ಅಪರೂಪದ ಜೀವ. ಮೈಬಣ್ಣ ಮಾತ್ರ ಮಾಮೂಲಿ ಕಂದು–ಕಪ್ಪು; ಪೇಟೆಯಲ್ಲಿ ಆ ಬಣ್ಣದ ಮರಿಗೆ ಐವತ್ತು ಡಾಲರ್ ಸಿಕ್ಕಿದರೆ ಹೆಚ್ಚು.