ಬೇಹುಗಾರಿಕೆಯಿಂದ ಭೂಮಾಪನಕ್ಕೆ: ರೀಡ್ ಮತ್ತು ಮನ್ರೋ

ಬಳ್ಳಾರಿ ಸೀಮೆಯ ಚರಿತ್ರೆಯಲ್ಲಿ ಥಾಮಸ್ ಮನ್ರೋನ ಹೆಸರು ರೈತವಾರಿ ಪದ್ಧತಿಯೊಡನೆ ಸೇರಿಕೊಂಡಿದೆ. ಆದರೆ ಆತನು ಕಂದಾಯಾಧಿಕಾರಿಯಾಗುವುದಕ್ಕೆ ಮುನ್ನ ಕಂಪನಿಯ ಸೈನ್ಯದ ಬೇಹು ಇಲಾಖೆಯಲ್ಲಿ ಕೆಲಸ ಕಲಿತನೆಂಬುದು ನಮ್ಮ ತರಗತಿಗಳಲ್ಲಿ ವಿರಳವಾಗಿ ಪ್ರಸ್ತಾಪಕ್ಕೆ ಬರುತ್ತದೆ. ಇವೆರಡೂ ಕಾರ್ಯಗಳು ಬೇರೆಬೇರೆಯಲ್ಲವೆಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇವೆ.

1761ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದ ಮನ್ರೋ 1780ರಲ್ಲಿ ಮದರಾಸಿಗೆ ಬಂದು ಹೈದರನ ವಿರುದ್ಧ ಕಾದಿದನು. 1788ರಲ್ಲಿ ಆತನನ್ನು ಬೇಹು ಇಲಾಖೆಯ ಮುಖ್ಯಸ್ಥನಾದ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನಿಗೆ ಸಹಾಯಕನನ್ನಾಗಿ ನೇಮಿಸಲಾಯಿತು. ರೀಡನು ಮೈಸೂರಿನ ಗಡಿಗೆ ಸಮೀಪವಾದ ಆಂಬೂರಿನಲ್ಲಿದ್ದುಕೊಂಡು ಟಿಪ್ಪುವಿನ ರಾಜ್ಯದ ವಾರ್ತೆಗಳನ್ನು ಹರಕಾರರ ಮೂಲಕ ತರಿಸಿಕೊಳ್ಳುತ್ತಿದ್ದನು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಬಂಜಾರರ ಎತ್ತಿನ ಹೇರುಗಳಿಂದ ಧಾನ್ಯ ಒದಗಿಸಿದವರಲ್ಲಿಯೂ ಅವನೇ ಪ್ರಮುಖನು. ದಾರಿ ಯಾವುದು, ನೀರೆಲ್ಲಿ, ಯಾವ ಪಾಳೆಯಗಾರನು ಯಾರ ಪಕ್ಷ, ಯಾವ ಊರಿನಲ್ಲಿ ಎಷ್ಟು ಕಾಳು ಎಂಬ ಪ್ರಶ್ನೆಗಳೇ ಅಂದಿನ ಬೇಹುಗಾರಿಕೆಯ ಸಾರ.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿಗೆ ಸೇರಿದಾಗ ಅದರ ಆಡಳಿತವು ರೀಡನ ಪಾಲಿಗೆ ಬಂದಿತು. ಮನ್ರೋ ಅಲ್ಲಿಯೂ ಅವನ ಸಹಾಯಕನೇ. ಯುದ್ಧಕಾಲದ ಪ್ರಶ್ನೆಗಳು ಈಗ ಹೊಲದ ಅಳತೆಯ ಪ್ರಶ್ನೆಗಳಾದವು. ರೈತವಾರಿಯ ಬೀಜವು ಅಲ್ಲಿ ಮೊಳೆಯಿತು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಮನ್ರೋ ಪ್ರಧಾನ ಕಲೆಕ್ಟರನಾದನು. ಸಿರುಗುಪ್ಪ, ಕುರುಗೋಡುಗಳನ್ನು ಒಳಗೊಂಡ ಬಳ್ಳಾರಿ ಸೀಮೆಯೂ ಅದರಲ್ಲಿ ಸೇರಿತ್ತು. ಆತನು ಪಾಳೆಯಗಾರರನ್ನು ಅಡಗಿಸಿ, 1802ರಿಂದ ಹೊಲಹೊಲವನ್ನೂ ಅಳೆಯಿಸಿ, ಮಣ್ಣಿನ ತರವನ್ನು ನೋಡಿ ತೀರ್ವೆ ನಿರ್ಣಯಿಸಿದನು. ಕಂಪನಿಗೆ ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾದ ತಿಳಿವಳಿಕೆ ಇದರಿಂದ ದೊರಕಿತು.

ಆದರೆ ಅಳತೆ ತಿಳಿದ ಮಾತ್ರಕ್ಕೆ ಬಾಳು ತಿಳಿದಂತಾಗಲಿಲ್ಲ. ತೀರ್ವೆಯು ಭಾರವಾಗಿದ್ದಿತು. ಇದನ್ನು ಮನಗಂಡ ಮನ್ರೋ 1807ರಲ್ಲಿ ಶೇಕಡಾ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿ ಸ್ವದೇಶಕ್ಕೆ ತೆರಳಿದನು. ಮೇಲಧಿಕಾರಿಗಳು ಅದನ್ನು ಬದಿಗಿರಿಸಿ ಗ್ರಾಮಗಳನ್ನು ಗುತ್ತಿಗೆಗೆ ಕೊಟ್ಟರು. 1820ರಲ್ಲಿ ಆತನೇ ಮದರಾಸಿನ ಗವರ್ನರನಾಗಿ ಬಂದ ಮೇಲೆಯೇ ಆ ಇಳಿತವು ಜಾರಿಗೆ ಬಂದಿತು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಆತನು ಕಾಲರಾದಿಂದ ಮೃತನಾದನು.

ಆದುದರಿಂದ ಹಳೆಯ ಕಂದಾಯ ದಾಖಲೆಗಳನ್ನು ಪರಿಶೀಲಿಸುವ ವಿದ್ಯಾರ್ಥಿಗಳು ಅಲ್ಲಿ ಏನು ಬರೆದಿದೆಯೆಂಬುದರೊಡನೆ, ಅದನ್ನು ಕೇಳಿದವರು ಯಾರು, ಯಾವ ಪ್ರಯೋಜನಕ್ಕಾಗಿ ಕೇಳಿದರು ಎಂಬುದನ್ನೂ ವಿಚಾರಿಸಬೇಕು. ನಮ್ಮ ರೈತರ ಪೂರ್ವಿಕರು ಆ ಪುಟಗಳಲ್ಲಿ ತೀರ್ವೆ ತೆರುವವರಾಗಿ ಕಾಣುತ್ತಾರೆ. ಅವರನ್ನು ಮನುಷ್ಯರಾಗಿ ಕಾಣುವುದು ಚರಿತ್ರಕಾರನ ಹೊಣೆ.