ಮೊಲದ ಬೇಟೆಯೂ ಹೊಲದೊಡೆಯನ ಅಪ್ಪಣೆಯೂ

ಬೆಂಗಳೂರು ದಂಡಿನ ಪೂರ್ವಕ್ಕಿರುವ ಗ್ರಾಮಗಳ ಮುಖಂಡರೂ ಜಮೀನುದಾರರೂ ಇಲಾಖೆಯವರನ್ನು ಪದೇಪದೇ ಕೇಳುವ ಪ್ರಶ್ನೆಯೊಂದುಂಟು. ಪೈರಿಗೆ ಮೊಲದ ಕಾಟ ಹೆಚ್ಚಿದಾಗ ಬಂದೂಕುಳ್ಳವರು ಯಾರಾದರೂ ಬಂದು, “ಒಂದು ರಾತ್ರಿ ನಿಮ್ಮ ಹೊಲದಲ್ಲಿ ಮೊಲ ಹೊಡೆದುಕೊಂಡು ಹೋಗುತ್ತೇವೆ, ತಮ್ಮ ಅಪ್ಪಣೆಯಾಗಬೇಕು” ಎಂದು ಕೇಳಿದರೆ ಅಪ್ಪಣೆ ಕೊಡಬಹುದೇ, ಕೊಡಬಾರದೇ ಎಂಬುದೇ ಆ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಕೊಡಕೂಡದು. ಅಂಥ ಅಪ್ಪಣೆಯನ್ನು ಕೊಡುವ ಅಧಿಕಾರವೇ ಹೊಲದೊಡೆಯನಿಗೆ ಇರುವುದಿಲ್ಲ. ಇಲ್ಲದ ಅಧಿಕಾರವನ್ನು ನಡೆಸಿದರೆ ಬೇಟೆಗಾರನ ಅಪರಾಧದಲ್ಲಿ ಅವನೂ ಪಾಲುಗಾರನಾಗುವನು. ಹೀಗೆ ಹೇಳುವುದಕ್ಕೆ ಕಾರಣವೇನೆಂಬುದನ್ನೂ, ಬಂದೂಕಿಲ್ಲದೆ ಪೈರನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬುದನ್ನೂ ಇಲ್ಲಿ ವಿವರಿಸಲಾಗುವುದು.

ಅಪ್ಪಣೆ ಕೇಳುವ ಈ ಪದ್ಧತಿಯು ಇಂದು ನೆನ್ನೆಯದಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯವು ಹಲಸೂರಿನ ಬಳಿಗೆ ಬಂದು ದಂಡು ನೆಲೆಗೊಂಡ ಮೇಲೆ, ರಜಾ ದಿನಗಳಲ್ಲಿ ಸೈನ್ಯದ ಅಧಿಕಾರಿಗಳು ಬಂದೂಕು ಹಿಡಿದು ಸುತ್ತಣ ಹಳ್ಳಿಗಳ ಕೆರೆಯಂಗಳಗಳಿಗೂ ಕುರುಚಲು ಕಾಡಿಗೂ ಹೊರಡುವುದು ವಾಡಿಕೆಯಾಗಿದ್ದಿತು. ಮೊಲ, ಕೌಜುಗ, ನೀರುಹಕ್ಕಿ, ಇವೇ ಅವರ ಬೇಟೆ. ಊರಿನ ಪಟೇಲನನ್ನು ಕಂಡು, ಪೈರು ತುಳಿಯುವುದಿಲ್ಲವೆಂದು ಹೇಳಿ, ಸೋಗುವುದಕ್ಕೆ ಆಳುಗಳನ್ನು ಕೇಳಿ ಪಡೆಯುವುದು ಮರ್ಯಾದೆಯೆಂದು ತಿಳಿದವರು ಹಾಗೆ ನಡೆಯುತ್ತಿದ್ದರು. ತಿಳಿಯದವರು ರಾಗಿಯ ಹೊಲದ ನಡುವೆಯೇ ನಡೆದುಹೋಗುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕುರಿತು ಒಂದು ರೆಗ್ಯುಲೇಷನ್ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಮೊದಲಲ್ಲಿ ಮೊಲವನ್ನು ಸಣ್ಣ ಬೇಟೆಯ ವರ್ಗಕ್ಕೆ ಸೇರಿಸಿ, ಲೈಸೆನ್ಸು ಪಡೆದು ಹೊಡೆಯುವುದಕ್ಕೆ ಎಡೆಯಿಟ್ಟಿತ್ತು. 1991ರ ತಿದ್ದುಪಡಿಯಿಂದ ಆ ಲೈಸೆನ್ಸುಗಳ ಬಾಗಿಲು ಮುಚ್ಚಿತು. ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳಂತೂ ಅದಕ್ಕೂ ಮೊದಲೇ, ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನಿನಂತೆ, 1963ರಲ್ಲಿಯೇ ಹೋದವು. ಅಪ್ಪಣೆ ಕೊಡುತ್ತಿದ್ದವನೂ ಇಲ್ಲ, ಕೊಡುವುದಕ್ಕೆ ಆಸ್ಪದವೂ ಇಲ್ಲ. ಕೇಳುವ ರೂಢಿ ಮಾತ್ರ ಉಳಿದುಕೊಂಡಿದೆ.

ಈಗ ಜಾರಿಯಲ್ಲಿರುವ ಕಾನೂನಿನ ಸ್ಥಿತಿ ಹೀಗಿರುವುದು. 2022ರ ತಿದ್ದುಪಡಿಯು 2023ನೆಯ ಏಪ್ರಿಲ್ 1ನೆಯ ತಾರೀಖಿನಿಂದ ಜಾರಿಗೆ ಬಂದಿದ್ದು, ನಮ್ಮ ಕಾಡುಮೊಲವು ಎರಡನೆಯ ಅನುಸೂಚಿಯಲ್ಲಿ ಸೇರಿದೆ. ಅದನ್ನು ಬೇಟೆಯಾಡಿದವನಿಗೆ 3 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಲ್ಪಡಬಹುದು. ‘ಬೇಟೆ’ ಎಂಬ ಮಾತಿಗೆ ಕಾನೂನು ಕೊಡುವ ಅರ್ಥವು ಬಹಳ ವಿಶಾಲವಾದುದು. ಗುಂಡು ಹೊಡೆಯುವುದೊಂದೇ ಅಲ್ಲ. ವಿಷವಿಕ್ಕುವುದು, ಉರುಲು ಹಾಕುವುದು, ಬಲೆ ಕಟ್ಟುವುದು, ಆಮಿಷವೊಡ್ಡುವುದು, ಸೋಗಿ ಓಡಿಸುವುದು, ನಾಯಿ ಬಿಟ್ಟು ಅಟ್ಟಿಸುವುದು, ಜೀವಸಹಿತ ಹಿಡಿಯುವುದು, ಇವೆಲ್ಲವೂ ಬೇಟೆಯೇ. ಯತ್ನಮಾಡಿ ಮೊಲ ತಪ್ಪಿಸಿಕೊಂಡರೂ ಅಪರಾಧ ತಪ್ಪದು. ಯುಗಾದಿಯ ಸಮಯದಲ್ಲಿ ಹುಡುಗರು ದೊಣ್ಣೆಯನ್ನೂ ನಾಯಿಗಳನ್ನೂ ಕೂಡಿಸಿಕೊಂಡು ಹೊರಡುವ ಕಡೆಗಳಲ್ಲಿ ಹಿರಿಯರು ಇದನ್ನು ಮುಂಚಿತವಾಗಿ ತಿಳಿಯಹೇಳಬೇಕು. ಅಪರಾಧಕ್ಕೆ ನೆರವಾದವನನ್ನೂ ಅಪರಾಧ ಮಾಡಿದವನೆಂದೇ ಎಣಿಸಬೇಕೆಂದು ಅಧಿನಿಯಮದ 52ನೆಯ ಪ್ರಕರಣವು ವಿಧಿಸುತ್ತದೆ. ಗೇಟು ತೆರೆದವನು, ದಾರಿ ತೋರಿಸಲು ಆಳು ಕಳುಹಿಸಿದವನು, ಪಂಪುಮನೆಯಲ್ಲಿ ಕೂರಲು ಎಡೆಮಾಡಿಕೊಟ್ಟವನು ಈ ಮಾತನ್ನು ಎರಡು ಬಾರಿ ಓದಬೇಕು.

ಹೊಸಕೋಟೆಯ ಕಡೆಯ ಜಮೀನುದಾರರೊಬ್ಬರು ಈ ಲೇಖಕನೊಡನೆ ವಾದಿಸಿದ್ದುಂಟು. “ಸ್ವಾಮಿ, ಜಮೀನು ನನ್ನದು, ಬಿತ್ತಿದ್ದು ನಾನು, ತಿನ್ನೋದು ಮೊಲ. ನಾನೇ ಹೂಂ ಅಂದಮೇಲೆ ಬೇರೆಯವರದೇನು?” ಎಂದರು. ಅವರ ಸಂಕಟ ನಿಜವಾದುದೇ. ಆದರೆ ಪಹಣಿಯಲ್ಲಿರುವುದು ನೆಲದ ಹಕ್ಕು. ನೆಲದ ಮೇಲೆ ಓಡುವ ಕಾಡುಪ್ರಾಣಿಯ ಹಕ್ಕಲ್ಲ. ಕಾನೂನು ಮೀರಿ ಕೊಂದ ಮೊಲವು ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಇಟ್ಟುಕೊಂಡವನೂ, ಮಾರಿದವನೂ, ನೆಂಟರಿಗೆ ಕಳುಹಿಸಿದವನೂ ಉತ್ತರ ಹೇಳಬೇಕಾಗುವುದು. “ಹಾಗಾದರೆ ನನ್ನ ಅವರೆ?” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ಮುಂದೆ ಬರುತ್ತೇನೆ.

ಅದಕ್ಕೆ ಮುನ್ನ ಬಂದೂಕಿನ ವಿಚಾರವಾಗಿ ನಾಲ್ಕು ಮಾತು. ಬಂದೂಕಿನ ಲೈಸೆನ್ಸನ್ನೇ ಬೇಟೆಯ ಲೈಸೆನ್ಸೆಂದು ಅನೇಕರು ತಿಳಿದಿದ್ದಾರೆ. 1959ರ ಆಯುಧಗಳ ಅಧಿನಿಯಮವು ಬೆಳೆ ಕಾಯುವ ಉದ್ದೇಶಕ್ಕಾಗಿ ಬಾಯಿಂದ ಮದ್ದು ತುಂಬುವ ನಾಡಬಂದೂಕಿಗೆ ಲೈಸೆನ್ಸು ಕೊಡಬಹುದೆಂದು ಹೇಳುವುದು ನಿಜ. ಆದರೆ ಅದು ಆಯುಧವನ್ನು ಇಟ್ಟುಕೊಳ್ಳುವುದಕ್ಕೆ ದೊರೆಯುವ ಅನುಮತಿಯೇ ಹೊರತು, ಅನುಸೂಚಿಯಲ್ಲಿರುವ ಪ್ರಾಣಿಯನ್ನು ಕೊಲ್ಲುವುದಕ್ಕೆ ಅಲ್ಲ. ಕಡಿಮೆ ಬಲದ ಗಾಳಿಬಂದೂಕಿಗೆ ಲೈಸೆನ್ಸು ಬೇಕಿಲ್ಲವೆಂಬುದನ್ನೇ ಹಿಡಿದುಕೊಂಡು ಕೆಲವರು ಬರುತ್ತಾರೆ. ಅದರಿಂದ ಹೊಡೆದರೂ ಬೇಟೆ ಬೇಟೆಯೇ.

ಇನ್ನು ಅಪಾಯದ ಮಾತು. ಮೊಲ ಹೊಡೆಯುವವರು ಹಿಂದಿನಿಂದಲೂ ಮೆಚ್ಚಿದ್ದು 12 ಬೋರಿನ ಜೋಡುನಳಿಗೆಯ ತೋಟಾ ಬಂದೂಕು. ಒಂದು ಪೌಂಡು ಸೀಸದಿಂದ 12 ಸಮನಾದ ಉಂಡೆ ಮಾಡಿದರೆ ಒಂದೊಂದು ಉಂಡೆಯ ಗಾತ್ರವೆಷ್ಟೋ ನಳಿಗೆಯ ಬಾಯಿ ಅಷ್ಟು ಎಂಬುದು ಆ ಹೆಸರಿನ ಅರ್ಥ. ಅದರ ತೋಟಾದಲ್ಲಿರುವ ಸೀಸದ ಚರೆಗಳು 35, 40 ಗಜದೊಳಗೆ ಮೊಲವನ್ನು ಕೆಡಹಬಲ್ಲವು. ಆದರೆ ಅಲ್ಲಿಗೇ ನಿಲ್ಲುವುದಿಲ್ಲ, ಚೆದುರಿ 200 ಗಜಕ್ಕೂ ಮೀರಿ ಹೋಗಿ ಬೀಳುತ್ತವೆ. ಅಷ್ಟು ದೂರದಲ್ಲಿ ಪ್ರಾಣ ತೆಗೆಯಲಾರದಿದ್ದರೂ ಕಣ್ಣು ತೆಗೆಯಬಲ್ಲವು. ಪಾಯಿಂಟ್ 22ರ ರೈಫಲಿನ ಗುಂಡಾದರೋ ಒಂದು ಮೈಲಿಗೂ ಆಚೆ ಹೋಗಬಲ್ಲುದು. ಬಿನ್ನಮಂಗಲ, ದೊಮ್ಮಲೂರು, ಕೋಡಿಹಳ್ಳಿಗಳು ಹೊಲಗದ್ದೆಗಳ ಊರುಗಳಾಗಿದ್ದ ಕಾಲದಲ್ಲಿ ಗುರಿ ತಪ್ಪಿದ ಚರೆ ಮಣ್ಣಿಗೆ ಬೀಳುತ್ತಿತ್ತು. ಆ ಹೊಲಗಳ ಮೇಲೆ ಇಂದಿರಾನಗರದ ಬೀದಿಗಳು ಎದ್ದಿವೆ. ಕೃಷ್ಣರಾಜಪುರವು 2007ರಲ್ಲಿ ಮಹಾನಗರಕ್ಕೆ ಸೇರಿತು. ಅದರಾಚೆಯ ಬಿದರಹಳ್ಳಿ, ಆವಲಹಳ್ಳಿ, ಕನ್ನಮಂಗಲದ ಕಡೆಗಳಲ್ಲಿ ರಾಗಿಯ ಹೊಲದ ಮಗ್ಗುಲಲ್ಲೇ ಬಡಾವಣೆ, ಬಡಾವಣೆಯ ಹಿಂದೆ ಕೂಲಿಯವರ ತಗಡಿನ ಶೆಡ್ಡು, ಅದರಾಚೆ ನೀಲಗಿರಿ ತೋಪು. ರಾತ್ರಿ ಬ್ಯಾಟರಿಯ ಬೆಳಕಿನಲ್ಲಿ ಹೊಳೆಯುವ ಎರಡು ಕಣ್ಣು ಮೊಲದವೋ, ಕಟ್ಟಿದ ಕರುವಿನವೋ ಎಂದು ದೂರದಿಂದ ಹೇಳಬಲ್ಲವನು ಯಾವನು? ಬಯಲ ಕಡೆಗೆ ಹೊರಟ ಮನುಷ್ಯನ ಕಣ್ಣು ಹೊಳೆಯುವುದೂ ಇಲ್ಲ. ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸುವುದು 2019ರ ತಿದ್ದುಪಡಿಯಂತೆ ಪ್ರತ್ಯೇಕ ಅಪರಾಧವಾಗಿರುವುದು.

ಮೊಲದ ಸ್ವಭಾವವನ್ನು ಅರಿತರೆ ಅರ್ಧ ಕೆಲಸ ಆದಂತೆಯೇ. ಶಿವಾಜಿನಗರದ ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿಯ ಸಾಕುಮೊಲಕ್ಕೂ ನಮ್ಮ ಹೊಲದ ಕಾಡುಮೊಲಕ್ಕೂ ಜಾತಿಯೇ ಬೇರೆ. ಸಾಕುಮೊಲವು ಯೂರೋಪಿನ ಮೂಲದ್ದು. ಬಿಲ ತೋಡುವ ಗುಣವುಳ್ಳದ್ದು. ಅದರ ಮರಿಗಳು ಹುಟ್ಟುವಾಗ ಕೂದಲಿಲ್ಲದೆ, ಕಣ್ಣು ತೆರೆಯದೆ ಇರುವುವು. ಕಾಡುಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲೋ ಬದುವಿನ ಪೊದೆಯಲ್ಲೋ ತನ್ನ ಮೈ ಹಿಡಿಯುವಷ್ಟು ತಗ್ಗುಮಾಡಿಕೊಂಡು ಹಗಲೆಲ್ಲ ಅಲ್ಲಾಡದೆ ಕುಳಿತಿರುವುದು. ಸಂಜೆಯಾದ ಮೇಲೆ ಮೇವಿಗೆ ಹೊರಡುವುದು. ಇದರ ಮರಿಗಳು ರೋಮಸಹಿತವಾಗಿ ಕಣ್ಣು ತೆರೆದುಕೊಂಡೇ ಹುಟ್ಟುವುವು. ದಕ್ಷಿಣದ ನಮ್ಮ ಮೊಲಕ್ಕೆ ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯಿರುವುದು. ಆದಕಾರಣ ಮೊಲದ ಬಿಲವನ್ನು ಅಗೆಸಿದೆನೆಂದೋ, ಹೊಗೆ ಹಾಕಿಸಿದೆನೆಂದೋ ಯಾರಾದರೂ ಹೇಳಿದರೆ ಅವರು ಅಗೆಸಿದ್ದು ಇಲಿಯದೋ ಹೆಗ್ಗಣದ್ದೋ ಇರಬೇಕು.

ಮೊಲದ ಮೇಲೆ ಬರುವ ದೂರುಗಳಲ್ಲಿ ಎಲ್ಲವೂ ಮೊಲದವಲ್ಲವೆಂಬುದು ಈ ಲೇಖಕನು ಸುತ್ತಾಟದಲ್ಲಿ ಕಂಡುಕೊಂಡ ಸಂಗತಿ. ಮೊಲವು ಎಳೆಯ ಕಾಂಡವನ್ನು ಚೂರಿಯಿಂದ ಕೊಯ್ದಂತೆ ಓರೆಯಾಗಿ, ನುಣ್ಣಗೆ ಕತ್ತರಿಸುತ್ತದೆ. ಕತ್ತರಿಸಿದ ಗುರುತು ನೆಲದಿಂದ ಒಂದೆರಡು ಅಡಿಯೊಳಗೇ ಇರುತ್ತದೆ. ಮೇಕೆ, ಜಿಂಕೆ, ದನಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲವಾದುದರಿಂದ ಅವು ಕಿತ್ತುಕೊಂಡ ಕಡೆ ನಾರು ನಾರಾಗಿ ಹರಿದಿರುತ್ತದೆ. ನವಿಲು ಮೊಳಕೆಯನ್ನು ಕುಕ್ಕಿ ಬುಡಸಹಿತ ಎಳೆಯುತ್ತದೆ. ಹಂದಿಯು ನೆಲವನ್ನೇ ಉತ್ತಿರುತ್ತದೆ. ಮೊಲದ ಹಿಕ್ಕೆಯು ದುಂಡಾಗಿ, ಒಣಗಿ, ಕೊಂಚ ಚಪ್ಪಟೆಯಾಗಿ, ನಾರು ತುಂಬಿರುವುದು. ಅವರೆಯ ಮೊಳಕೆಯೆಲ್ಲ ಮೊಲದ ಪಾಲಾಯಿತೆಂದು ಕರೆಸಿಕೊಂಡ ಒಂದು ಹೊಲದಲ್ಲಿ ಮೂರು ಬೆರಳಿನ ಹೆಜ್ಜೆಯ ಸಾಲೇ ಸಾಲು ಬಿದ್ದಿತ್ತು, ಕಳ್ಳನು ನವಿಲು. ಬಂದೂಕಿನವರು ಬಂದಿದ್ದರೆ ತಪ್ಪಿಲ್ಲದ ಪ್ರಾಣಿ ಸಾಯುತ್ತಿತ್ತು, ಅವರೆಯೂ ಉಳಿಯುತ್ತಿರಲಿಲ್ಲ. ಬೆಳಗಿನ ತಂಪಿನಲ್ಲಿ, ದನ ಬರುವ ಮೊದಲೇ ಹೊಲವನ್ನು ಸುತ್ತಿ ಗುರುತು ನೋಡುವುದೇ ಸರಿಯಾದ ಪರೀಕ್ಷೆ.

ಹಾನಿ ಮೊಲದ್ದೇ ಎಂದು ಗೊತ್ತಾದಲ್ಲಿ ಉಪಾಯವು ಬೇಲಿ. ಮೊಲಕ್ಕೆ ಪ್ರಿಯವಾದುದು ಎಳೆಯ ಚಿಗುರು. ರಾಗಿಯೂ ತೊಗರಿಯೂ ಬೆಳೆದು ನಿಂತ ಮೇಲೆ ಅದರ ಹಾವಳಿ ಕಡಿಮೆ. ಆದುದರಿಂದ ಇಡೀ ಜಮೀನಿಗೆ ಬಲೆ ಸುತ್ತುವ ಖರ್ಚು ಬೇಡ. ಸಸಿಮಡಿ, ಹೊಸದಾಗಿ ನೆಟ್ಟ ತರಕಾರಿ, ಮೊಳಕೆಯೊಡೆದ ದ್ವಿದಳ ಧಾನ್ಯ, ಇವಕ್ಕೆ ಮೊದಲ ಕೆಲವು ವಾರ ರಕ್ಷೆಯಿದ್ದರೆ ಸಾಕು. ಚೌಕವಾದ 10 ಗುಂಟೆಯ ಸುತ್ತಳತೆ ಸುಮಾರು 420 ಅಡಿ. ಚೌಕವಾದ ಒಂದು ಎಕರೆಯದು ಸುಮಾರು 835 ಅಡಿ. ಕೋಳಿಗೂಡಿಗೆ ಬಳಸುವ ತಂತಿ ಬಲೆಯನ್ನು, ಕಣ್ಣು ಒಂದೂಕಾಲು ಅಂಗುಲಕ್ಕೆ ಮೀರದಂಥದನ್ನು ತರಿಸಬೇಕು. ಅಗಲ ಮೂರೂವರೆ ಅಡಿಯಿದ್ದರೆ ಮೂರು ಅಡಿಯನ್ನು ಗೂಟಗಳಿಗೆ ನಿಲ್ಲಿಸಿ ಬಿಗಿದು, ಉಳಿದ ಅರ್ಧ ಅಡಿಯನ್ನು ಹೊಲದ ಹೊರಮಗ್ಗುಲಿಗೆ ನೆಲದ ಮೇಲೆ ಮಡಿಸಿ ಹಾಸಿ, ಕಲ್ಲುಮಣ್ಣು ಹೇರಬೇಕು. ಮೊಲವು ಬೇಲಿಯ ಬುಡಕ್ಕೆ ಬಂದು ನುಸುಳಲು ನೋಡುತ್ತದೆ. ಕಾಲಡಿಯಲ್ಲಿ ಬಲೆ ಸಿಕ್ಕಿದರೆ ಹಿಂದಿರುಗುತ್ತದೆ. ಒಳಮಗ್ಗುಲಿಗೆ ಮಡಿಸಿದವರ ಬಲೆ ದಂಡ. ಗೇಟಿನ ಕೆಳಗಣ ಸಂದನ್ನು ಮರೆಯುವವರೇ ಹೆಚ್ಚು. ಅಲ್ಲಿ ಹಲಗೆಯೊಂದನ್ನು ಹೂಳಬೇಕು. ಪೈರು ಬಲಿತ ಮೇಲೆ ಬಲೆಯನ್ನು ಸುತ್ತಿಟ್ಟು ಮುಂದಿನ ಮಡಿಗೆ ಬಳಸಬಹುದು. ಎಳೆಯ ಮಾವು, ಸೀಬೆ ಗಿಡಗಳಿಗೆ ಎರಡಡಿ ಎತ್ತರದ ಬಲೆಯ ಕೊಳವೆಯನ್ನು ತೊಗಟೆಗೆ ತಾಗದಂತೆ ನಿಲ್ಲಿಸಿದರೆ ಸಾಕು.

ಸಸಿಮಡಿಯ ಅಂಚಿನ ಪೊದೆಯನ್ನು ಸವರಿ ಹತ್ತಾರು ಅಡಿ ಬಯಲು ಮಾಡುವುದರಿಂದಲೂ ಪ್ರಯೋಜನವುಂಟು, ಮರೆಯಿಲ್ಲದ ಕಡೆ ಮೊಲ ಅಳುಕುತ್ತದೆ. ಹಳೆಯ ಸೀರೆ ಕಟ್ಟುವುದು, ಕ್ಷೌರದಂಗಡಿಯ ಕೂದಲು ಚೆಲ್ಲುವುದು ಮೊದಲಾದವು ಕೆಲವು ದಿನ ಕೆಲಸ ಮಾಡಿಯಾವು. ಒಂದು ಮಳೆ ಬಂದರೆ, ಅಥವಾ ಮೊಲಕ್ಕೆ ರೂಢಿಯಾದರೆ, ಮುಗಿಯಿತು. ಮನೆಯ ಲೈನಿನಿಂದ ಬೇಲಿಗೆ ಕರೆಂಟು ಕೊಡುವವರಿಗೆ ಹೇಳುವ ಮಾತು ಒಂದೇ: ಆ ತಂತಿಗೆ ಮೊಲವೂ ಒಂದೇ, ನೀರು ಕಟ್ಟಲು ಹೋದ ಮಗನೂ ಒಂದೇ.

ಇಷ್ಟಾದರೂ ಹಾನಿ ನಿಲ್ಲದಿದ್ದಲ್ಲಿ ಕಾನೂನಿನಲ್ಲಿ ಒಂದು ದಾರಿಯಿದೆ. ಎರಡನೆಯ ಅನುಸೂಚಿಯ ಪ್ರಾಣಿಯು ನಿಂತ ಬೆಳೆಗೆ ಅಪಾಯಕಾರಿಯಾಗಿದೆಯೆಂದು ಮನದಟ್ಟಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು, ಕಾರಣಗಳನ್ನು ಬರೆದು, ಗೊತ್ತಾದ ಪ್ರದೇಶಕ್ಕೆ ಲಿಖಿತ ಆಜ್ಞೆ ಕೊಡಬಹುದೆಂದು 11ನೆಯ ಪ್ರಕರಣದಲ್ಲಿದೆ. ಮೊಲದ ಸಲುವಾಗಿ ಇಂಥ ಆಜ್ಞೆ ಸುಲಭವಾಗಿ ದೊರೆಯುವುದೆಂದು ಯಾರೂ ನೆಚ್ಚಬಾರದು. ಆದರೂ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಡುವುದಿದ್ದರೆ ಸರ್ವೆ ನಂಬರು, ಬೆಳೆ, ಬಿತ್ತಿದ ತಾರೀಖು, ಹಾನಿಯಾದ ಗುಂಟೆ, ಕತ್ತರಿಸಿದ ಕಾಂಡಗಳ ಮತ್ತು ಹಿಕ್ಕೆಗಳ ಚಿತ್ರ, ಹಾಕಿಸಿದ ಬೇಲಿಯ ವಿವರ ಇಷ್ಟನ್ನೂ ಸೇರಿಸಬೇಕು. ಆ ಕಾಗದ ಕೈಗೆ ಬರುವವರೆಗೆ ಯಾರ ಬಾಯಿಮಾತೂ ಅಪ್ಪಣೆಯಲ್ಲ.

ಬಂದೂಕಿನವರು ಬಾಗಿಲಿಗೆ ಬಂದರೆ ಅವರೊಡನೆ ಜಗಳಕ್ಕೆ ನಿಲ್ಲುವುದು ಬೇಡ. ಲಿಖಿತ ಆಜ್ಞೆಯನ್ನು ತೋರಿಸಿರೆಂದು ಕೇಳಿ. ಇಲ್ಲವೆಂದರೆ ವಾಹನದ ನಂಬರು, ಬಂದ ಹೊತ್ತು, ಜನರ ಎಣಿಕೆಯನ್ನು ಗುರುತುಹಾಕಿಕೊಂಡು ಅರಣ್ಯ ಇಲಾಖೆಯ 1926 ನಂಬರಿಗೂ, ಗುಂಡಿನ ಸದ್ದು ಕೇಳಿದರೆ ಪೊಲೀಸಿನ 112ಕ್ಕೂ ತಿಳಿಸಬೇಕು. ಬದುವಿನಲ್ಲಿ ಉರುಲೋ ಬಲೆಯೋ ಕಂಡಲ್ಲಿ ತಾವೇ ಕಿತ್ತು ಮನೆಗೆ ತಂದಿಟ್ಟುಕೊಳ್ಳಬಾರದು. ಇದ್ದ ಸ್ಥಳದಲ್ಲಿಯೇ ಅರಣ್ಯ ರಕ್ಷಕರಿಗೆ ತೋರಿಸಿ, ಅವರ ಕೈಯಿಂದಲೇ ತೆಗೆಸತಕ್ಕದ್ದು.