ಊರಿಗೆ ಎರಡನೆಯ ಪತ್ರಿಕೆ ಏಕೆ ಬೇಕು?

ಅಮೆರಿಕದ ಒಹಾಯೊ ರಾಜ್ಯದ ‘ಸಿನ್ಸಿನಾಟಿ ಪೋಸ್ಟ್’ 2007ರ ಡಿಸೆಂಬರ್ 31ರಂದು ಮುಚ್ಚಿದಾಗ ಅದರ ಪ್ರಸಾರ ಕೇವಲ 27 ಸಾವಿರ. ಎದುರಾಳಿ ‘ಎನ್‌ಕ್ವೈರರ್’ ಅದಕ್ಕಿಂತ ಹಲವು ಪಟ್ಟು ದೊಡ್ಡದು, ಗಟ್ಟಿಯಾಗಿಯೂ ಇತ್ತು. ಊರಿಗೆ ಪತ್ರಿಕೆ ಇಲ್ಲವಾಯಿತು ಎನ್ನುವಂತಿರಲಿಲ್ಲ. ಆದರೂ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ನದಿಯಾಚೆಯ ಉತ್ತರ ಕೆಂಟಕಿಯ ಊರುಗಳನ್ನು ಗಮನಿಸಿದಾಗ ಬೇರೆಯದೇ ಚಿತ್ರ ಕಂಡಿತು. ‘ಪೋಸ್ಟ್’ ಹೆಚ್ಚು ವರದಿ ಮಾಡುತ್ತಿದ್ದ ಕಡೆಗಳಲ್ಲಿ ಮತದಾನ ಇಳಿದಿತ್ತು, ಸ್ಥಳೀಯ ಚುನಾವಣೆಗೆ ನಿಲ್ಲುವವರು ಕಡಿಮೆಯಾಗಿದ್ದರು, ಕುರ್ಚಿಯಲ್ಲಿದ್ದವರೇ ಮತ್ತೆ ಗೆಲ್ಲುವುದು ಹೆಚ್ಚಿತ್ತು. ಈ ಅಂಕಿಅಂಶಗಳು ಅಷ್ಟು ನಿಖರವಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಹಾಗಿದ್ದೂ ಪತ್ರಿಕೋದ್ಯಮದ ಅವನತಿಯ ಚರ್ಚೆಯಲ್ಲಿ ನಾವು ಕೇಳುವ ಪ್ರಶ್ನೆಯೇ ತಪ್ಪಿರಬಹುದೆಂಬ ಅನುಮಾನವನ್ನು ಅವು ಹುಟ್ಟಿಸುತ್ತವೆ. ಕೊನೆಯ ಪತ್ರಿಕೆ ಮುಚ್ಚಿದ ದಿನ ಎಲ್ಲರೂ ಮರುಗುತ್ತಾರೆ. ನಷ್ಟ ಶುರುವಾಗುವುದು ಎರಡಿದ್ದದ್ದು ಒಂದಾದಾಗ.

ಕಾರಣ ಸರಳ. ಊರಿಗೆ ಒಂದೇ ಪತ್ರಿಕೆ ಇದ್ದರೆ ‘ಸುದ್ದಿ ಮಿಸ್ಸಾಯಿತು’ ಎಂಬ ಮಾತಿಗೇ ಅರ್ಥವಿಲ್ಲ. ತಾನು ಬರೆಯದಿದ್ದದ್ದು ಸುದ್ದಿಯೇ ಅಲ್ಲ. ನಗರಸಭೆಯ ಕಡತವೊಂದನ್ನು ಇಂದು ಬಿಟ್ಟರೆ ನಾಳೆ ಬೆಳಿಗ್ಗೆ ಎದುರಾಳಿಯ ಮುಖಪುಟದಲ್ಲಿ ಅದನ್ನು ನೋಡಬೇಕಾದೀತು ಎಂಬ ಭಯವೇ ವರದಿಗಾರನನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ. ಅಧಿಕಾರಿಯ ಲೆಕ್ಕಾಚಾರವೂ ಬದಲಾಗುತ್ತದೆ. ಒಬ್ಬ ಸಂಪಾದಕರನ್ನು ಒಲಿಸಿಕೊಳ್ಳುವುದು ಕಷ್ಟವಲ್ಲ. ಪರಸ್ಪರ ಹೊಂಚುಹಾಕುವ ಇಬ್ಬರನ್ನು ಒಟ್ಟಿಗೆ ಒಲಿಸಿಕೊಳ್ಳುವುದು ದುಬಾರಿ.

ಪೈಪೋಟಿ ಹೆಚ್ಚಿದರೆ ಪತ್ರಿಕೆಗಳು ಕೀಳಾಗುತ್ತವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಫ್ರಾನ್ಸಿನ ಸ್ಥಳೀಯ ಪತ್ರಿಕೆಗಳ 1944ರಿಂದ 2014ರವರೆಗಿನ ಚರಿತ್ರೆಯನ್ನು ಜಾಲಾಡಿದ ಅರ್ಥಶಾಸ್ತ್ರಜ್ಞೆ ಜೂಲಿಯಾ ಕಾಜೆ, ಹೊಸ ಪತ್ರಿಕೆ ಬಂದಾಗ ಹಳೆಯವು ಪತ್ರಕರ್ತರನ್ನು ಕಡಿಮೆ ಮಾಡಿ ಗಂಭೀರ ಸುದ್ದಿಗೆ ಕತ್ತರಿ ಹಾಕಿದ್ದನ್ನೂ, ಸ್ಥಳೀಯ ಚುನಾವಣೆಗಳ ಮತದಾನ ಕುಸಿದದ್ದನ್ನೂ ತೋರಿಸಿದ್ದಾರೆ. ಆದರೆ ಈ ಪರಿಣಾಮ ದಟ್ಟವಾಗಿ ಕಂಡದ್ದು ಒಂದೇ ಬಗೆಯ ಜನರಿರುವ ಪ್ರದೇಶಗಳಲ್ಲಿ. ಅಂದರೆ ಅದೇ ಓದುಗರನ್ನು, ಅದೇ ಜಾಹೀರಾತನ್ನು ಹಂಚಿಕೊಂಡು ಇಬ್ಬರೂ ಬಡವಾಗುವ ಪೈಪೋಟಿ ವ್ಯರ್ಥ. ಒಬ್ಬರು ಕಣ್ಣೆತ್ತಿ ನೋಡದ ಕಡೆ ಇನ್ನೊಬ್ಬರು ಹೋದರೆ ಮಾತು ಬೇರೆ. ಕೆಂಟಕಿಯಲ್ಲಿ ‘ಪೋಸ್ಟ್’ ಮಾಡುತ್ತಿದ್ದದ್ದು ಅದನ್ನೇ.

ಎರಡನ್ನು ಸಾಕುವ ಹಣ ಎಲ್ಲಿದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹೆಚ್ಚು ಓದುಗರಿರುವಲ್ಲಿಗೆ ಜಾಹೀರಾತು ಹೋಗುತ್ತದೆ, ಜಾಹೀರಾತು ಹೋದಲ್ಲಿ ಪತ್ರಿಕೆ ಇನ್ನೂ ಬೆಳೆಯುತ್ತದೆ. ಈ ಸುಳಿಗೆ ಸಿಕ್ಕ ಎರಡನೆಯ ಪತ್ರಿಕೆಗಳು ಅಂತರ್ಜಾಲ ಬರುವ ಮೊದಲೇ ಮುಳುಗತೊಡಗಿದ್ದವು. ಮುದ್ರಣ, ಜಾಹೀರಾತು, ವಿತರಣೆ ಒಂದಾಗಿಸಿ ಸಂಪಾದಕೀಯ ವಿಭಾಗವನ್ನು ಮಾತ್ರ ಬೇರೆಯಿಟ್ಟುಕೊಳ್ಳಲು ಅಮೆರಿಕ 1970ರಲ್ಲಿ ಕಾನೂನನ್ನೇ ಮಾಡಿತು. ಸಿನ್ಸಿನಾಟಿಯ ಎರಡೂ ಪತ್ರಿಕೆಗಳು ಅದೇ ಬಗೆಯ ಒಪ್ಪಂದದಲ್ಲಿದ್ದವು. ಒಪ್ಪಂದದ ಅವಧಿ ಮುಗಿದ ದಿನವೇ ‘ಪೋಸ್ಟ್’ ಕೂಡ ಮುಗಿಯಿತು. ಕಾಯ್ದೆ ಕೊಟ್ಟದ್ದು ಜೀವದಾನವಲ್ಲ, ವಾಯಿದೆ.

ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ ಆದದ್ದು ಇನ್ನೂ ವಿಚಿತ್ರ. 1837ರಲ್ಲಿ ಹುಟ್ಟಿದ ಅಲ್ಲಿನ ‘ಟೈಮ್ಸ್–ಪಿಕಾಯೂನ್’ 2012ರಲ್ಲಿ ಮುದ್ರಣವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿತು. ಖಾಲಿಯಾದ ಜಾಗಕ್ಕೆ ನೆರೆಯ ಬ್ಯಾಟನ್ ರೂಜ್‌ನ ‘ಅಡ್ವೊಕೇಟ್’ ನುಗ್ಗಿತು. ಗಾಬರಿಗೊಂಡ ಹಳೆಯ ಪತ್ರಿಕೆ ಮರುವರ್ಷವೇ ಉಳಿದ ದಿನಗಳಲ್ಲಿ ಮೂರು ದಿನ ಟ್ಯಾಬ್ಲಾಯ್ಡ್ ಹೊರತಂದಿತು; ಓದುಗರ ಕೋಪಕ್ಕೆ ಬಗ್ಗದವರು ಎದುರಾಳಿಗೆ ಬಗ್ಗಿದರು ಎನ್ನಬೇಕು. ಜ್ಯೂರಿ ಸದಸ್ಯರು ಒಮ್ಮತವಿಲ್ಲದೆಯೂ ಆರೋಪಿಯನ್ನು ತಪ್ಪಿತಸ್ಥನೆಂದು ತೀರ್ಮಾನಿಸಬಹುದಾಗಿದ್ದ ಲೂಯಿಸಿಯಾನದ ಪದ್ಧತಿಯನ್ನು ‘ಅಡ್ವೊಕೇಟ್’ ಸರಣಿ ಲೇಖನಗಳಲ್ಲಿ ಬಯಲಿಗೆಳೆಯಿತು. 2018ರ ನವೆಂಬರ್‌ನಲ್ಲಿ ಮತದಾರರು ಅದನ್ನು ರದ್ದುಮಾಡಿದರು. 2019ರ ಏಪ್ರಿಲ್‌ನಲ್ಲಿ ಸರಣಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಮೇ ತಿಂಗಳಲ್ಲಿ ‘ಅಡ್ವೊಕೇಟ್’ ತನ್ನ ಎದುರಾಳಿಯನ್ನೇ ಕೊಂಡಿತು. ಅಲ್ಲಿನ ಸಿಬ್ಬಂದಿ ಕೆಲಸ ಕಳೆದುಕೊಂಡರು.

ಆದರೆ ಎದುರಾಳಿ ಕಾಗದದ ಮೇಲೆಯೇ ಇರಬೇಕೆಂದಿಲ್ಲ. ಅದೇ ಊರಿನ ‘ದಿ ಲೆನ್ಸ್’ ಲಾಭಕ್ಕಾಗಿ ನಡೆಯದ ಪುಟ್ಟ ಅಂತರ್ಜಾಲ ಸುದ್ದಿಸಂಸ್ಥೆ. ನಗರಸಭೆಯ ಸಭೆಗಳಲ್ಲಿ ಎಂಟರ್ಜಿ ಕಂಪನಿಯ ವಿದ್ಯುತ್ ಸ್ಥಾವರದ ಪರವಾಗಿ ಬಂದಿದ್ದವರಲ್ಲಿ ಹಣ ಪಡೆದ ನಟರಿದ್ದರು ಎಂಬುದನ್ನು 2018ರಲ್ಲಿ ಹೊರಗೆಡವಿದ್ದು ಅದು. ಕಂಪನಿಗೆ ನಗರಸಭೆ ವಿಧಿಸಿದ ದಂಡ 50 ಲಕ್ಷ ಡಾಲರ್.